ಯೂರಿಕ್ ಆಸಿಡ್ 8.6: ಹೃದಯದ ಅಪಾಯ ಇದ್ದದ್ದು ಎಲ್ಲಿ?

ವಯಸ್ಸು 52, ಊರು ದಾವಣಗೆರೆ, ಕಸುಬು ದಿನಸಿ ವ್ಯಾಪಾರ. ಬೆಳಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇರುವ ಕೆಲಸ. ತಂದೆ 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಇದು ಒಬ್ಬರ ಆಸ್ಪತ್ರೆ ಕಡತದ ನಕಲಲ್ಲ. ಹೊರರೋಗಿ ವಿಭಾಗಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ. ವ್ಯಕ್ತಿ ಮತ್ತು ಅವರ ವರದಿಯ ಅಂಕಿಗಳು ಮಾತ್ರ ಕಲ್ಪಿತ. ಔಷಧಿಗಳು, ಪ್ರಮಾಣಗಳು, ಅಧ್ಯಯನಗಳು ವಾಸ್ತವದವು.

ಹೆಲ್ತ್ ಚೆಕಪ್ ಪ್ಯಾಕೇಜಿನ ವರದಿಯಲ್ಲಿ ದಪ್ಪಕ್ಷರದ ಸಾಲುಗಳು ಏಳೆಂಟಿದ್ದವು. ಮನೆಮಂದಿಯ ಕಣ್ಣಿಗೆ ಬಿದ್ದದ್ದು ಒಂದೇ: ಯೂರಿಕ್ ಆಸಿಡ್ ಎಂಬ ದೇಹದ ತ್ಯಾಜ್ಯ, ಡೆಸಿಲೀಟರಿಗೆ 8.6 ಮಿಲಿಗ್ರಾಂ. ಗಲ್ಫ್ ಅಥವಾ ಬ್ರಿಟನ್ನಿನಲ್ಲಿರುವವರ ವರದಿಯಲ್ಲಿ ಇದೇ ಅಂಶ ಮೈಕ್ರೋಮೋಲ್ ಲೆಕ್ಕದಲ್ಲಿ ಸುಮಾರು 511 ಎಂದು ಬರುತ್ತದೆ. ನಮ್ಮ ಅಂಕಿಯನ್ನು 59.5ರಿಂದ ಗುಣಿಸಿದರೆ ಅವರ ಅಂಕಿ ಸಿಗುತ್ತದೆ. "ಯೂರಿಕ್ ಆಸಿಡ್ ಜಾಸ್ತಿಯಾದರೆ ಹಾರ್ಟ್ ಅಟ್ಯಾಕ್ ಆಗುತ್ತದಂತೆ" ಎಂಬ ಮಾತು ಮನೆಯಲ್ಲಿ ಮೊದಲೇ ಇತ್ತು. ತಂದೆಯ ಸಾವಿನ ನೆನಪೂ ಅದಕ್ಕೆ ಕೂಡಿಕೊಂಡಿತು. ಆ ವಾರವೇ ಅಡುಗೆಮನೆಯಿಂದ ತೊಗರಿಬೇಳೆ, ಪಾಲಕ್, ಟೊಮೆಟೊ, ಮೊಸರು ಎಲ್ಲವೂ ಹೊರಬಿದ್ದವು. ಮೆಡಿಕಲ್ ಶಾಪಿನಿಂದ ಯೂರಿಕ್ ಆಸಿಡ್ ಇಳಿಸುವ ಫೆಬುಕ್ಸೊಸ್ಟಾಟ್ 40 ಮಿಲಿಗ್ರಾಂ ಬಂತು. ನೆಂಟರೊಬ್ಬರ ಸಲಹೆಯಂತೆ ಆಸ್ಪಿರಿನ್ 75 ಮಿಲಿಗ್ರಾಂ ಕೂಡ ಶುರುವಾಯಿತು. ಬಿಪಿಗೆ ಎರಡು ವರ್ಷದಿಂದ ನುಂಗುತ್ತಿದ್ದ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಸೇರಿದ ಮಾತ್ರೆ ಹಾಗೆಯೇ ಮುಂದುವರಿಯಿತು.

ಮೂರು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿದಾಗ ಯೂರಿಕ್ ಆಸಿಡ್ 5.1. ಮನೆಯಲ್ಲಿ ನೆಮ್ಮದಿ. ಅದೇ ದಿನ ವೈದ್ಯರ ಬಳಿ ಅಳೆದ ಬಿಪಿ 148/92. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 138, ಟ್ರೈಗ್ಲಿಸರೈಡ್ 240, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 34. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ತೂಕ 84 ಕೆ.ಜಿ., ಎತ್ತರ 168 ಸೆಂ.ಮೀ., ಸೊಂಟದ ಸುತ್ತಳತೆ 102 ಸೆಂ.ಮೀ. ಹೃದಯಕ್ಕೆ ಅಪಾಯ ತರುವ ಅಂಶಗಳಲ್ಲಿ ಒಂದೂ ಅಲುಗಿರಲಿಲ್ಲ. ಅಲುಗಿದ್ದು ಯೂರಿಕ್ ಆಸಿಡ್ ಒಂದೇ.

ಮೊದಲು 8.6ನ್ನೇ ಪ್ರಶ್ನಿಸಬೇಕು

ಆ ರಕ್ತ ತೆಗೆದದ್ದು ದ್ವಾದಶಿಯ ಬೆಳಗ್ಗೆ, ಇಡೀ ದಿನದ ಏಕಾದಶಿ ಉಪವಾಸದ ಮೇಲೆ. ದೀರ್ಘ ಉಪವಾಸದಲ್ಲಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸುತ್ತದೆ. ಕೀಟೋನ್ ಏರಿದಾಗ ಮೂತ್ರಪಿಂಡದಿಂದ ಯೂರಿಕ್ ಆಸಿಡ್ ಹೊರಹೋಗುವುದು ತಗ್ಗುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಿಂದಿನ ರಾತ್ರಿಯ ಮದ್ಯ, ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾಗುವುದು, ಮೈಮುರಿಯುವ ವ್ಯಾಯಾಮ, ಕ್ರ್ಯಾಶ್ ಡಯಟ್ ಎಲ್ಲವೂ ಇದೇ ದಿಕ್ಕಿಗೆ ತಳ್ಳುತ್ತವೆ. ಉಪವಾಸ ಮುಗಿದು ಮೂರ್ನಾಲ್ಕು ದಿನ ಮಾಮೂಲಿ ಊಟ ಮಾಡಿದ ಮೇಲೆ ರಕ್ತ ಕೊಡುವುದು ಸರಿ.

ನಂತರ ಮಾತ್ರೆಗಳ ಪಟ್ಟಿ. ಥಯಜೈಡ್ ವರ್ಗದ ಮೂತ್ರವರ್ಧಕ ಯೂರಿಕ್ ಆಸಿಡ್ ಏರಿಸುತ್ತದೆ. ದಿನಕ್ಕೆ 75 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದ ಆಸ್ಪಿರಿನ್ ಕೂಡ ಸ್ವಲ್ಪ ಏರಿಸುತ್ತದೆ. ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಬಹಳ ಏರಿಸುತ್ತದೆ. ಅತ್ತ ಬಿಪಿಗೆ ಕೊಡುವ ಲೊಸಾರ್ಟನ್, ಟ್ರೈಗ್ಲಿಸರೈಡ್‌ಗೆ ಕೊಡುವ ಫೆನೊಫೈಬ್ರೇಟ್, ಡಯಾಬಿಟಿಸ್‌ಗೆ ಕೊಡುವ ಎಸ್‌ಜಿಎಲ್‌ಟಿ2 ವರ್ಗದ ಮಾತ್ರೆಗಳು ಇಳಿಸುತ್ತವೆ. ಈ ಪ್ರಕರಣದಲ್ಲಿ ಯೂರಿಕ್ ಆಸಿಡ್ ಇಳಿಸಲು ಒಂದು ಮಾತ್ರೆ, ಅದನ್ನು ಏರಿಸುವ ಎರಡು ಮಾತ್ರೆ ಒಟ್ಟಿಗೆ ಹೊಟ್ಟೆ ಸೇರುತ್ತಿದ್ದವು.

ಮೂರನೆಯದು ನಿದ್ದೆ. ಜೋರು ಗೊರಕೆ, ಹಗಲು ಗಲ್ಲೆಯ ಮುಂದೆಯೇ ತೂಕಡಿಕೆ, 42 ಸೆಂ.ಮೀ. ಕುತ್ತಿಗೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾದಲ್ಲಿ ಆಮ್ಲಜನಕ ಕುಸಿದಾಗೆಲ್ಲ ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ ಎಂಬ ಕಣ ಒಡೆದು ಯೂರಿಕ್ ಆಸಿಡ್ ಹೆಚ್ಚುತ್ತದೆ, ಬಿಪಿಯೂ ಏರುತ್ತದೆ. ಇದನ್ನು ಕೇಳದೆ ಬಿಡುವ ವೈದ್ಯರೇ ಹೆಚ್ಚು, ಹೇಳದೆ ಬಿಡುವ ರೋಗಿಗಳೂ ಹೆಚ್ಚು. ಇವರಿಗೆ ಸ್ಲೀಪ್ ಸ್ಟಡಿ ಬರೆದುಕೊಡಲಾಯಿತು.

ಯೂರಿಕ್ ಆಸಿಡ್ ಮತ್ತು ಹೃದಯ: ಜೊತೆಗಿರುವುದು ಬೇರೆ, ಕಾರಣವಾಗುವುದು ಬೇರೆ

ಯೂರಿಕ್ ಆಸಿಡ್ ಹೆಚ್ಚಿರುವವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತದೆ ಎಂಬುದು ನಿಜ. ಏಕೆ ಎಂಬಲ್ಲಿ ಗೊಂದಲ. ದೇಹದ ಯೂರಿಕ್ ಆಸಿಡ್‌ನಲ್ಲಿ ಮೂರರಲ್ಲಿ ಎರಡು ಪಾಲು ಮೂತ್ರಪಿಂಡದ ಮೂಲಕ, ಉಳಿದದ್ದು ಕರುಳಿನ ಮೂಲಕ ಹೋಗುತ್ತದೆ. ಹೊಟ್ಟೆಯ ಬೊಜ್ಜಿನಿಂದ ಇನ್ಸುಲಿನ್ ಮಟ್ಟ ಏರಿದವರಲ್ಲಿ ಮೂತ್ರಪಿಂಡ ಅದನ್ನು ಹೊರಹಾಕುವ ಬದಲು ಮರಳಿ ರಕ್ತಕ್ಕೆ ಸೇರಿಸುತ್ತದೆ. ಮೂತ್ರಪಿಂಡದ ಶಕ್ತಿ ಕುಂದಿದರೂ ಅದು ಏರುತ್ತದೆ. ಬಿಪಿಗೆ ಕೊಡುವ ಮಾತ್ರೆಯಿಂದಲೂ ಏರುತ್ತದೆ. ಬೊಜ್ಜು, ಇನ್ಸುಲಿನ್ ಪ್ರತಿರೋಧ, ಮೂತ್ರಪಿಂಡದ ಹಾನಿ, ಬಿಪಿ ಎಲ್ಲವೂ ತಾವಾಗಿಯೇ ಹೃದಯವನ್ನು ಕೆಡಿಸುವಂಥವು. ಹೊಗೆ ಕಂಡಲ್ಲಿ ಬೆಂಕಿ ಹುಡುಕಬೇಕೇ ಹೊರತು ಹೊಗೆಗೆ ಬೀಸಣಿಗೆ ಹಿಡಿದು ಫಲವಿಲ್ಲ.

ಅಮೆರಿಕದ ಫ್ರೇಮಿಂಗ್‌ಹ್ಯಾಂ ಅಧ್ಯಯನ 1999ರಲ್ಲಿ 6,763 ಜನರ ಮಾಹಿತಿಯನ್ನು ಪರಿಶೀಲಿಸಿತು. ಬಿಪಿ, ಮೂತ್ರವರ್ಧಕ ಮೊದಲಾದವನ್ನು ಲೆಕ್ಕಕ್ಕೆ ಹಿಡಿದಾಗ ಯೂರಿಕ್ ಆಸಿಡ್‌ಗೂ ಹೃದ್ರೋಗಕ್ಕೂ ಸ್ವತಂತ್ರ ನಂಟು ಉಳಿಯಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಸಣ್ಣ ನಂಟು ಉಳಿದುಕೊಂಡಿತು. ಪ್ರಯೋಗಾಲಯದ ಸಾಕ್ಷ್ಯವೂ ಇದೆ: ಇಲಿಗಳಲ್ಲಿ ಯೂರಿಕ್ ಆಸಿಡ್ ಏರಿಸಿದಾಗ ಬಿಪಿ ಏರಿತು. 2008ರಲ್ಲಿ ಹೊಸದಾಗಿ ಬಿಪಿ ಪತ್ತೆಯಾದ 30 ಹದಿಹರೆಯದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಕೊಟ್ಟಾಗ ಬಿಪಿ ಇಳಿಯಿತು. ಆದ್ದರಿಂದ ಯೂರಿಕ್ ಆಸಿಡ್ ಬರೀ ಪ್ರೇಕ್ಷಕ ಎಂದು ತಳ್ಳಿಹಾಕುವುದೂ ಅವಸರದ ಮಾತೇ.

ತೀರ್ಮಾನಕ್ಕೆ ಹತ್ತಿರ ತರಬಲ್ಲ ಪ್ರಶ್ನೆ ಒಂದೇ: ಮಾತ್ರೆ ಕೊಟ್ಟು ಅದನ್ನು ಇಳಿಸಿದರೆ ಹೃದಯಾಘಾತ ತಪ್ಪುತ್ತದೆಯೇ? ಬ್ರಿಟನ್ನಿನ ಆಲ್-ಹಾರ್ಟ್ ಪ್ರಯೋಗ ಇದನ್ನೇ ಕೇಳಿತು. 60 ದಾಟಿದ, ಹೃದಯದ ರಕ್ತನಾಳದ ಕಾಯಿಲೆಯಿರುವ, ಗೌಟ್ (ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ಬೇನೆ) ಇಲ್ಲದ 5,721 ಜನ. ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂವರೆಗೆ ಅಲೋಪ್ಯೂರಿನಾಲ್, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಸರಾಸರಿ ಐದು ವರ್ಷದ ಹತ್ತಿರ ನೋಡಿಕೊಂಡರು. 2022ರಲ್ಲಿ ಬಂದ ಫಲಿತಾಂಶ: ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಸೇರಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 11.0, ತೆಗೆದುಕೊಳ್ಳದವರಲ್ಲಿ ಶೇ. 11.3. ವ್ಯತ್ಯಾಸವೇ ಇಲ್ಲವೆನ್ನಬೇಕು. ಆ ಪ್ರಯೋಗಕ್ಕೆ ಸೇರಿದವರ ಯೂರಿಕ್ ಆಸಿಡ್ ಸರಾಸರಿಯಲ್ಲಿ ಹೆಚ್ಚೇನೂ ಇರಲಿಲ್ಲ ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಆದರೆ ಆಕ್ಷೇಪ ಇದೆಯೆಂದು ಮಾತ್ರೆಯ ಪರವಾಗಿ ಪುರಾವೆ ಹುಟ್ಟುವುದಿಲ್ಲ.

ಥಯಜೈಡ್‌ನ ಕತೆ ಇನ್ನೂ ಪಾಠದಂತಿದೆ. ಅದು ಯೂರಿಕ್ ಆಸಿಡ್ ಏರಿಸುವ ಔಷಧಿ. ಆದರೂ 1991ರ ಶೆಪ್ ಪ್ರಯೋಗದಲ್ಲಿ ಆ ಬಳಗದ ಕ್ಲೋರ್‌ಥ್ಯಾಲಿಡೋನ್ ವಯಸ್ಸಾದವರ ಪಾರ್ಶ್ವವಾಯುವನ್ನು ಶೇ. 36ರಷ್ಟು ತಗ್ಗಿಸಿತು. ಅದೇ ಪ್ರಯೋಗದ ನಂತರದ ವಿಶ್ಲೇಷಣೆಯಲ್ಲಿ, ಮಾತ್ರೆಯಿಂದ ಯೂರಿಕ್ ಆಸಿಡ್ 1 ಮಿಲಿಗ್ರಾಂ ಅಥವಾ ಹೆಚ್ಚು ಏರಿದವರಿಗೆ ಹೃದಯಾಘಾತದ ವಿಷಯದಲ್ಲಿ ಲಾಭ ಕಾಣಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಹಾಗಾಗಿ ನಮ್ಮ ನಿಲುವು: ಥಯಜೈಡ್‌ನಿಂದ ಬಿಪಿ ಹತೋಟಿಯಲ್ಲಿದ್ದು ಗೌಟ್ ಇಲ್ಲದಿದ್ದರೆ ಯೂರಿಕ್ ಆಸಿಡ್ ಒಂದಕ್ಕಾಗಿ ಅದನ್ನು ಕಿತ್ತುಹಾಕುವುದು ಬೇಡ. ಹೇಗೂ ಮಾತ್ರೆ ಬದಲಿಸಬೇಕಾಗಿ ಬಂದಾಗ ಬೇರೆ ದಾರಿಯಿದ್ದರೆ ಅದನ್ನು ಹಿಡಿಯಬಹುದು.

ಹೃದಯದ ಅಪಾಯ ಎಷ್ಟೆಂದು ಲೆಕ್ಕ ಹಾಕಲು ವೈದ್ಯರು ಬಳಸುವ ಸಾಧನಗಳಿವೆ: ಬ್ರಿಟನ್ನಿನ ಕ್ಯೂರಿಸ್ಕ್3, ಅಮೆರಿಕದ ಪ್ರಿವೆಂಟ್, ವಿಶ್ವ ಆರೋಗ್ಯ ಸಂಸ್ಥೆಯ ಹೃದಯಾಪಾಯ ಪಟ್ಟಿ, ಈ ಮೂರರಲ್ಲೂ ಯೂರಿಕ್ ಆಸಿಡ್ ತುಂಬಿಸಲು ಜಾಗವೇ ಇಲ್ಲ.

ಏನನ್ನು ನಿಲ್ಲಿಸಲಾಯಿತು, ಏನನ್ನು ಆರಂಭಿಸಲಾಯಿತು

ಫೆಬುಕ್ಸೊಸ್ಟಾಟ್ ಮೊದಲು ನಿಂತಿತು. ಗೌಟ್ ಇಲ್ಲ, ಮೂತ್ರಪಿಂಡದಲ್ಲಿ ಯೂರಿಕ್ ಆಸಿಡ್ ಕಲ್ಲಿಲ್ಲ. ಕೊಡುವ ಕಾರಣವೇ ಇರಲಿಲ್ಲ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಮಾರ್ಗಸೂಚಿಯೂ ಲಕ್ಷಣವಿಲ್ಲದ ಯೂರಿಕ್ ಆಸಿಡ್ ಏರಿಕೆಗೆ ಮಾತ್ರೆ ಬೇಡ ಎನ್ನುತ್ತದೆ. ಅಂಥ 24 ಜನರಿಗೆ 3 ವರ್ಷ ಔಷಧಿ ಕೊಟ್ಟರೆ ಒಂದು ಗೌಟ್ ದಾಳಿ ತಪ್ಪುತ್ತದೆ ಎಂಬುದು ಅದರ ಲೆಕ್ಕ. ಫೆಬುಕ್ಸೊಸ್ಟಾಟ್‌ಗೆ ಹೃದಯದ ಕಡೆಯಿಂದಲೇ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಗೌಟ್ ಮತ್ತು ಹೃದ್ರೋಗ ಎರಡೂ ಇದ್ದ 6,190 ಜನರ ಕೇರ್ಸ್ ಪ್ರಯೋಗದಲ್ಲಿ ಹೃದಯ ಸಂಬಂಧಿ ಸಾವು ಫೆಬುಕ್ಸೊಸ್ಟಾಟ್ ಗುಂಪಿನಲ್ಲಿ ಶೇ. 4.3, ಅಲೋಪ್ಯೂರಿನಾಲ್ ಗುಂಪಿನಲ್ಲಿ ಶೇ. 3.2 ಇತ್ತು. 2019ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ ಅದರ ಪೊಟ್ಟಣದ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. 2020ರಲ್ಲಿ ಯುರೋಪಿನ 6,128 ಜನರ ಫಾಸ್ಟ್ ಪ್ರಯೋಗದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಗೌಟ್ ಇದ್ದು, ಅಲೋಪ್ಯೂರಿನಾಲ್ ಒಗ್ಗದವರಿಗೆ ವೈದ್ಯರು ತೂಗಿ ನೋಡಿ ಕೊಡಬಹುದಾದ ಔಷಧಿ ಇದು. ಹೃದಯ ಕಾಪಾಡಲೆಂದು ಕೌಂಟರಿನಲ್ಲಿ ಕೇಳಿ ತರುವಂಥದ್ದು ಖಂಡಿತ ಅಲ್ಲ.

ಆಸ್ಪಿರಿನ್ ಕೂಡ ನಿಂತಿತು. ಹೃದ್ರೋಗ ಇನ್ನೂ ಬಂದಿಲ್ಲದವರಲ್ಲಿ ಅದರ ಲಾಭವನ್ನು ರಕ್ತಸ್ರಾವದ ಅಪಾಯ ನುಂಗಿಹಾಕುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು ಇದನ್ನು ಓದಿ ಆಸ್ಪಿರಿನ್ ಬಿಡಬಾರದು. ಅವರಿಗೆ ಅದು ಜೀವ ಉಳಿಸುವ ಮಾತ್ರೆ. ಅದರಿಂದ ಯೂರಿಕ್ ಆಸಿಡ್ ತುಸು ಏರಿದರೂ ಚಿಂತೆಯಿಲ್ಲ.

ಬಿಪಿಯನ್ನು ಮನೆಯಲ್ಲೇ ಏಳು ದಿನ ಅಳೆಯಲು ಹೇಳಲಾಯಿತು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಕಫ್ ಬರಿ ತೋಳಿಗೆ. ಬೆಳಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ. ಇವರದು 146/90 ಬಂತು. ಮನೆಯ ಅಳತೆಯಲ್ಲಿ 135/85 ದಾಟಿದರೆ ಹೆಚ್ಚೆಂದೇ ಲೆಕ್ಕ. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಬಿಪಿ ಸುಳ್ಳುಸುಳ್ಳೇ ಹೆಚ್ಚು ತೋರಿಸುತ್ತದೆ. ಇವರ ತೋಳು 34 ಸೆಂ.ಮೀ. ಇದ್ದುದರಿಂದ ದೊಡ್ಡ ಕಫ್ ಬೇಕಾಯಿತು.

ಟೆಲ್ಮಿಸಾರ್ಟನ್ 40ರಿಂದ 80ಕ್ಕೆ ಏರಿತು, ಥಯಜೈಡ್ ಬದಲು ಅಮ್ಲೋಡಿಪಿನ್ 5 ಬಂತು. ಟೆಲ್ಮಿಸಾರ್ಟನ್ ಬಿಟ್ಟು ಲೊಸಾರ್ಟನ್ ಹಾಕಿದ್ದರೆ ಯೂರಿಕ್ ಆಸಿಡ್ ಇನ್ನಷ್ಟು ಇಳಿಯುತ್ತಿತ್ತಲ್ಲ ಎಂದು ಕೇಳಬಹುದು. ಗೌಟ್ ಇದ್ದಿದ್ದರೆ ಹಾಗೇ ಮಾಡಬೇಕಿತ್ತು. ಇಲ್ಲಿ ಇಪ್ಪತ್ನಾಲ್ಕು ಗಂಟೆ ಬಿಪಿ ಹಿಡಿದಿಡುವುದೇ ಮುಖ್ಯ, ಅದರಲ್ಲಿ ಟೆಲ್ಮಿಸಾರ್ಟನ್ ಮೇಲು. ಆರು ವಾರದಲ್ಲಿ ಬಿಪಿ ಹತೋಟಿಗೆ ಬಾರದಿದ್ದರೆ ಥಯಜೈಡನ್ನು ಹಿಂಜರಿಯದೆ ಮರಳಿ ಸೇರಿಸುವುದೆಂದೂ ಚೀಟಿಯಲ್ಲಿ ಬರೆಯಲಾಯಿತು. ಟೆಲ್ಮಿಸಾರ್ಟನ್ ಏರಿಸಿದ ಎರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಲೇಬೇಕು.

ಎಲ್‌ಡಿಎಲ್‌ಗೆ ಸ್ಟಾಟಿನ್ ವರ್ಗದ ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂ. ಇಡೀ ಚೀಟಿಯಲ್ಲಿ ಮುಂದಿನ ಹತ್ತು ವರ್ಷದ ಹೃದಯಾಘಾತವನ್ನು ತಪ್ಪಿಸುವ ಶಕ್ತಿ ಬಿಪಿ ಮಾತ್ರೆಗಳ ಜೊತೆಗೆ ಇದಕ್ಕೇ ಇದೆ. ಮನೆಯವರು ಹೆಚ್ಚು ಹೆದರಿದ್ದೂ ಇದಕ್ಕೇ. ಯೂರಿಕ್ ಆಸಿಡ್ ಮಾತ್ರೆಯನ್ನು ಕೇಳದೆಯೇ ತಂದು ನುಂಗಿದ ಮನೆಯಲ್ಲಿ ಸ್ಟಾಟಿನ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕಾಗುವುದು ಸಾಮಾನ್ಯ. ಆ ಅರ್ಧ ಗಂಟೆಯನ್ನು ವೈದ್ಯರು ಉಳಿಸಲು ಹೋಗಬಾರದು.

ಚೆಕಪ್ ಪ್ಯಾಕೇಜಿನಲ್ಲಿ ಇರದ ಎರಡು ಪರೀಕ್ಷೆಗಳನ್ನು ಬರೆದುಕೊಡಲಾಯಿತು. ಒಂದು, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಇವರದು 46, 30ರ ಒಳಗಿರಬೇಕು. ಕ್ರಿಯಾಟಿನಿನ್ 1.2 ಎಂದು ಸಹಜವಾಗಿ ಕಂಡರೂ ಮೂತ್ರಪಿಂಡದ ಸೋಸುವ ವೇಗ ಲೆಕ್ಕದಲ್ಲಿ ಸುಮಾರು 73ಕ್ಕೆ ಇಳಿದಿತ್ತು, ಪ್ರೋಟೀನ್ ಸೋರಲು ಶುರುವಾಗಿತ್ತು. ಇನ್ನೊಂದು, ಲೈಪೊಪ್ರೋಟೀನ್-ಎ, ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕೊಲೆಸ್ಟ್ರಾಲ್ ಕಣ. ಇದು ವಂಶದಿಂದ ಬರುತ್ತದೆ, ಊಟದಿಂದ ಬದಲಾಗುವುದಿಲ್ಲ, ಬದುಕಿನಲ್ಲಿ ಒಮ್ಮೆ ನೋಡಿದರೆ ಸಾಕು. 50 ಮಿಲಿಗ್ರಾಂ ದಾಟಿದರೆ ಅಪಾಯ, ಇವರದು 62. ತಂದೆಯ ಸಾವಿಗೆ ನಂಟು ಹುಡುಕುವುದಾದರೆ ಯೂರಿಕ್ ಆಸಿಡ್‌ಗಿಂತ ಇಲ್ಲಿ ಹುಡುಕುವುದು ಸರಿ.

ತಟ್ಟೆಯಲ್ಲಿ ನಡೆದ ತಪ್ಪು

ಬೇಳೆ ಬಿಟ್ಟದ್ದು ಈ ಪ್ರಕರಣದ ಅತಿ ದೊಡ್ಡ ಅನವಶ್ಯಕ ತ್ಯಾಗ. ಅಮೆರಿಕದಲ್ಲಿ 47,150 ಪುರುಷರನ್ನು 12 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಾಯಿತು. ಪ್ಯೂರಿನ್ (ದೇಹದಲ್ಲಿ ಒಡೆದು ಯೂರಿಕ್ ಆಸಿಡ್ ಆಗುವ ಅಂಶ) ಹೆಚ್ಚಿರುವ ತರಕಾರಿ, ಬಟಾಣಿ, ಕಾಳು, ಪಾಲಕ್‌ನಿಂದ ಹೆಚ್ಚಾಗಲಿಲ್ಲ. ಹಾಲು ಮೊಸರು ತಿಂದವರಿಗೆ ಕಡಿಮೆಯಾಯಿತು. ಇವರು ತೊಗರಿಬೇಳೆ, ಸೊಪ್ಪು, ಮೊಸರು ಬಿಟ್ಟರು. ಆ ಜಾಗಕ್ಕೆ ಇನ್ನೊಂದು ಹಿಡಿ ಅನ್ನ ಬಂತು. ಟ್ರೈಗ್ಲಿಸರೈಡ್ ಏರಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ಮುಟ್ಟದೆ ಬಿಟ್ಟದ್ದು ಸಕ್ಕರೆ. ಅಂಗಡಿಯಲ್ಲಿ ದಿನಕ್ಕೆ ಆರು ಲೋಟ ಚಹಾ, ಪ್ರತಿ ಲೋಟಕ್ಕೆ ಎರಡು ಚಮಚ: ಸುಮಾರು 50 ಗ್ರಾಂ. ಮಧ್ಯಾಹ್ನ 300 ಮಿ.ಲೀ. ಕೋಲಾ: ಇನ್ನೊಂದು 30 ಗ್ರಾಂ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಯಕೃತ್ತು ಫ್ರಕ್ಟೋಸನ್ನು ಅರಗಿಸುವಾಗ ಎಟಿಪಿಯನ್ನು ಸರಸರನೆ ಖರ್ಚು ಮಾಡುತ್ತದೆ, ಆ ಒಡೆದ ಎಟಿಪಿಯ ಕೊನೆಯ ಉತ್ಪನ್ನವೇ ಯೂರಿಕ್ ಆಸಿಡ್. ದಿನಕ್ಕೆ ಎರಡು ಅಥವಾ ಹೆಚ್ಚು ಸಕ್ಕರೆ ಪಾನೀಯ ಕುಡಿಯುವ ಪುರುಷರಲ್ಲಿ, ತಿಂಗಳಿಗೆ ಒಂದೂ ಕುಡಿಯದವರಿಗಿಂತ ಗೌಟ್ ಅಪಾಯ ಶೇ. 85ರಷ್ಟು ಹೆಚ್ಚು ಎಂದು 2008ರ ಅಧ್ಯಯನವೊಂದು ತೋರಿಸಿತು. ಕಬ್ಬಿನ ಹಾಲು, ಬಾಟಲಿ ಜ್ಯೂಸ್ ಕೂಡ ಇದೇ ಲೆಕ್ಕ. ಬೆಲ್ಲಕ್ಕೆ ರಿಯಾಯಿತಿ ಇಲ್ಲ.

ವಾರಾಂತ್ಯದ ಎರಡು ಬಿಯರ್ ಬಾಟಲಿ ನಿಂತವು; ಮದ್ಯಗಳಲ್ಲಿ ಯೂರಿಕ್ ಆಸಿಡ್‌ಗೆ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು. ಭಾನುವಾರದ ಲಿವರ್ ಫ್ರೈ, ಕಾಲು ಸೂಪು, ಬೋಟಿ ಬಿಟ್ಟು, ಕೋಳಿ ಅಥವಾ ಮೀನು ನೂರು ಗ್ರಾಂ. ಕರಾವಳಿಯವರಾಗಿದ್ದರೆ ಬೂತಾಯಿ, ಬಂಗುಡೆಯ ಪ್ರಶ್ನೆ ಬರುತ್ತಿತ್ತು. ಅವುಗಳಲ್ಲಿ ಪ್ಯೂರಿನ್ ಹೆಚ್ಚು, ಆದರೆ ಹೃದಯಕ್ಕೆ ಒಳ್ಳೆಯ ಒಮೆಗಾ-3 ಕೂಡ ಹೆಚ್ಚು. ಗೌಟ್ ಇಲ್ಲದವರು ವಾರಕ್ಕೆರಡು ಸಲ ತಿನ್ನಲು ಹೆದರಬೇಕಿಲ್ಲ. ಮಂಡಕ್ಕಿ ಮಿರ್ಚಿ ಸಂಜೆಯ ಚಟ, ಬೆಣ್ಣೆದೋಸೆ ಭಾನುವಾರದ ಪದ್ಧತಿ. ಮೊದಲನೆಯದರ ಉಪ್ಪು ಬಿಪಿಗೆ, ಎರಡನೆಯದರ ಬೆಣ್ಣೆ ಎಲ್‌ಡಿಎಲ್‌ಗೆ. ಎರಡನ್ನೂ ತಿಂಗಳಿಗೊಮ್ಮೆಗೆ ಇಳಿಸಲು ಒಪ್ಪಿದರು. ದಿನದ ಉಪ್ಪು 5 ಗ್ರಾಂ, ಅಂದರೆ ಮಟ್ಟಸ ಒಂದು ಟೀ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ತೂಕ ತಿಂಗಳಿಗೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿಸುವುದು ಬೇಡವೆಂದು ಹೇಳಲಾಯಿತು. ಅವಸರದ ಉಪವಾಸ ಯೂರಿಕ್ ಆಸಿಡನ್ನೇ ಏರಿಸುತ್ತದೆ.

ನಾಲ್ಕು ತಿಂಗಳ ಮೇಲೆ

ಆರನೇ ವಾರದಲ್ಲಿ, ಯಾವ ಯೂರಿಕ್ ಆಸಿಡ್ ಮಾತ್ರೆಯೂ ಇಲ್ಲದೆ, ಮಟ್ಟ 7.6. ನಾಲ್ಕನೇ ತಿಂಗಳಿಗೆ 6.9. ಥಯಜೈಡ್ ನಿಂತದ್ದರಿಂದ ಎಷ್ಟು, ಸಕ್ಕರೆ ಮತ್ತು ಬಿಯರ್ ಬಿಟ್ಟದ್ದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ತೂಕ 79 ಕೆ.ಜಿ., ಮನೆಯ ಬಿಪಿ ಸರಾಸರಿ 127/79, ಎಲ್‌ಡಿಎಲ್ 78, ಟ್ರೈಗ್ಲಿಸರೈಡ್ 158, ಎಚ್‌ಬಿಎ1ಸಿ 5.8, ಮೂತ್ರದ ಅಲ್ಬುಮಿನ್ 24. ಲೈಪೊಪ್ರೋಟೀನ್-ಎ ಹೆಚ್ಚಿರುವುದರಿಂದ ಎಲ್‌ಡಿಎಲ್ 70ರ ಕೆಳಗೆ ಬೇಕು. ಅದಕ್ಕಾಗಿ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಲಾಯಿತು. ಸ್ಲೀಪ್ ಸ್ಟಡಿಯಲ್ಲಿ ಮಧ್ಯಮ ಪ್ರಮಾಣದ ಆಪ್ನಿಯಾ ಕಂಡು, ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಶುರುವಾಯಿತು.

6.9 ಇನ್ನೂ ಆದರ್ಶವಲ್ಲ. 6.8ರ ಮೇಲೆ ಯೂರಿಕ್ ಆಸಿಡ್ ಹರಳುಗಟ್ಟಬಲ್ಲದು. ಆದರೆ 7ರಿಂದ 9ರ ನಡುವೆ ಇರುವವರಲ್ಲಿ ವರ್ಷಕ್ಕೆ ಸುಮಾರು ಶೇ. 0.5 ಜನರಿಗೆ ಮಾತ್ರ ಗೌಟ್ ಬರುತ್ತದೆ. 9 ದಾಟಿದವರಲ್ಲಿ ಅದು ಶೇ. 5ರ ಹತ್ತಿರ. ಇವರಿಗೆ ಕಾಯುವುದೇ ಚಿಕಿತ್ಸೆ.

ಹೆಬ್ಬೆರಳ ಬುಡ ಒಂದೇ ರಾತ್ರಿಯಲ್ಲಿ ಕೆಂಪಾಗಿ, ಹೊದಿಕೆ ತಾಕಿದರೂ ತಡೆಯಲಾಗದ ನೋವು ಬಂದರೆ ಲೆಕ್ಕ ಬದಲಾಗುತ್ತದೆ. ಅದು ಗೌಟ್ ದಾಳಿ. ಆಗ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆ ನುಂಗಬಾರದು, ಇವರ ಬಿಪಿ, ಮೂತ್ರಪಿಂಡ, ಹೃದಯ ಮೂರಕ್ಕೂ ಅದು ಕೆಟ್ಟದ್ದು. ಗೌಟ್‌ಗೆ ಕೊಡುವ ಕೋಲ್ಚಿಸಿನ್ ಅಥವಾ ಕೆಲವೇ ದಿನದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮೇಲು. ಕೋಲ್ಚಿಸಿನ್ ಜೊತೆ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಸೇರಿದರೆ ಪ್ರಾಣಾಪಾಯ. ಸ್ಟಾಟಿನ್ ಜೊತೆ ಸ್ನಾಯು ನೋವು ಬಂದರೆ ತಿಳಿಸಬೇಕು. ಗೌಟ್ ದಾಳಿಯ ನಂತರದ ಎರಡು ತಿಂಗಳು ಹೃದಯಾಘಾತ, ಪಾರ್ಶ್ವವಾಯುವಿನ ಸಂಭವ ಹೆಚ್ಚಿರುತ್ತದೆ ಎಂದು 2022ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಹಾಗಾಗಿ ಆ ಅವಧಿಯಲ್ಲಿ ಬಿಪಿ ಮತ್ತು ಸ್ಟಾಟಿನ್ ಮಾತ್ರೆ ಒಂದು ದಿನವೂ ತಪ್ಪಬಾರದು. ದಾಳಿ ವರ್ಷಕ್ಕೆ ಎರಡಾದರೆ, ಅಥವಾ ಮೊದಲ ದಾಳಿಯಲ್ಲೇ ಮಟ್ಟ 9 ದಾಟಿದ್ದರೆ, ಕಲ್ಲಿದ್ದರೆ, ಅಲೋಪ್ಯೂರಿನಾಲ್ 100 ಮಿಲಿಗ್ರಾಂನಿಂದ ಶುರುಮಾಡಿ ಕೆಲವು ವಾರಕ್ಕೊಮ್ಮೆ ಏರಿಸುತ್ತ 6ರ ಕೆಳಗೆ ತರಬೇಕು, ಮೊದಲ 3ರಿಂದ 6 ತಿಂಗಳು ಕೋಲ್ಚಿಸಿನ್ ರಕ್ಷಣೆಯೊಂದಿಗೆ. ಮೈಮೇಲೆ ದದ್ದು ಎದ್ದರೆ ಆ ಗಳಿಗೆಯೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕೆಂದು ಹೆಂಡತಿ ಮಕ್ಕಳಿಗೂ ಹೇಳಲಾಗಿದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ಮತ್ತು ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಿನ ವ್ಯವಸ್ಥೆಯಿದೆ.

ಮುಂದಿನ ಯೂರಿಕ್ ಆಸಿಡ್ ಪರೀಕ್ಷೆ ವರ್ಷಕ್ಕೊಮ್ಮೆ. ಎಲ್‌ಡಿಎಲ್ ಎರಡು ತಿಂಗಳಿಗೆ, ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಆರು ತಿಂಗಳಿಗೊಮ್ಮೆ. ಇಪ್ಪತ್ತೈದು ದಾಟಿದ ಮಗ ಮತ್ತು ಮಗಳಿಗೆ ಲೈಪೊಪ್ರೋಟೀನ್-ಎ ಮತ್ತು ಲಿಪಿಡ್ ಪರೀಕ್ಷೆ ಬರೆದುಕೊಟ್ಟಾಗಿದೆ. ಇವರ ಲೈಪೊಪ್ರೋಟೀನ್-ಎ ಅವರಿಗೆ ದಾಟಿರುವ ಸಂಭವ ಅರ್ಧಕ್ಕರ್ಧ.